ಅಡಾಪ್ಟರ್ ಪ್ಲೇಟು

ಬೈಕಂಪಾಡಿಯಲ್ಲಿ ನನ್ನ ಲೇತು,
ಗೋಡೆಯಾಚೆ ಹಮ್ಮಬ್ಬನ ಗ್ಯಾರೇಜು.
ಅಲ್ಲಿ ಮೂತಿ ಬಿಚ್ಚಿಸಿಕೊಂಡು ನಿಂತಿದೆ
ಸಿಪ್ರಿಯನ್ ಪೊರ್ಬುಗಳ ಜೀಪು, ಎಪ್ಪತ್ತೆರಡರದ್ದು.
ಹಳೆ ಇಂಜಿನು ಟಯರಿನ ಮೇಲೆ ಕೂತು
ಇನ್ನೂ ತೊಟ್ಟಿಕ್ಕುತ್ತಿದೆ.
ಹೊಸದು ಬಂದದ್ದು
ಪಡುಬಿದ್ರಿ ತಿರುವಿನಲ್ಲಿ ನುಜ್ಜಾದ ಬೊಲೆರೋದಿಂದ.
ಓಡಿದ್ದು ಬರೇ ನಲವತ್ತು ಸಾವಿರ.

ಚೈನ್‌ಪುಲ್ಲಿಯಲ್ಲಿ ತೂಗಿ ಇಳಿಸಿದರೆ
ಗೇರ್‌ಬಾಕ್ಸಿನ ತೂತು ಒಂದು ಕಡೆ, ಇಂಜಿನಿನದು ಇನ್ನೊಂದು ಕಡೆ.
"ಎಂತ ಮಾಡುವುದು ಮಾರಾಯ?"
ಹಮ್ಮಬ್ಬ ನನ್ನ ಮುಖ ನೋಡಿದ.
ಮುದುಕ ಮಾತಾಡುವುದು ಇಂಚಿನಲ್ಲಿ,
ಹುಡುಗನಿಗೆ ಗೊತ್ತಿರುವುದು ಮಿಲ್ಲಿಮೀಟರು.
ದಕ್ಕೆಯಲ್ಲಿ ಮೀನಿಗೆ ಚೌಕಾಸಿ ನಡೆವಾಗ
ನಾಲ್ಕು ಭಾಷೆ ಬಲ್ಲವನೊಬ್ಬ ನಡುವೆ ಬೇಕಲ್ಲ,
ಅಂಥದೊಂದು ಪ್ಲೇಟು ಕಡೆಯಬೇಕು ನಾನು.

ಮೂರು ದಿನ.
ಹದಿನೆಂಟು ಮಿಲ್ಲಿಮೀಟರ್ ಉಕ್ಕು, ಹೊಟ್ಟೆಯಲ್ಲಿ ದೊಡ್ಡ ತೂತು,
ಸುತ್ತ ಎರಡೂ ಊರಿನ ತೂತುಗಳು.
ಕೂದಲೆಳೆ ಆಚೀಚೆಯಾದರೂ ಕ್ಲಚ್ಚು ಅಳುತ್ತದೆ.
ಬೋಲ್ಟು ಬಿಗಿದ ಮೇಲೆ
ಅದು ಕಾಣಿಸಲೇ ಇಲ್ಲ.

ಶನಿವಾರ ಸಂಜೆ ಕೀಲಿ ತಿರುಗಿಸಿದ್ದಷ್ಟೇ, ಹಿಡಿಯಿತು.
ಪೊರ್ಬುಗಳು ನಗಲಿಲ್ಲ, ಕಿವಿಗೊಟ್ಟು ನಿಂತರು,
ರಾಂಗ್ ನಂಬರ್ ಬಂದವರ ಹಾಗೆ.

ಕುಲಶೇಖರದ ಅವರ ಗೇಟಿನಲ್ಲಿ
ಜೀಪಿನ ಸದ್ದಿಗೇ ಓಡಿಬರುವ ನಾಯಿ
ಬೊಗಳಿತಂತೆ.
ಬಾನೆಟ್ಟು ಮೂಸಿತು, ಮತ್ತೂ ಬೊಗಳಿತು.
ಹಿಂದಿನ ಟಯರು ಮೂಸಿತು,
ತನ್ನದೇ ಹಳೆ ವಾಸನೆ ಸಿಕ್ಕಿರಬೇಕು,
ಕಾಲೆತ್ತಿ
ದಾಖಲೆ ಹೊಸದು ಮಾಡಿತು.

ಆರ್‌ಟಿಒದವರು ಇನ್ನೂ ಮಾಡಿಲ್ಲ.