ಮುಂದಿನ ತಾರೀಖು

ಸೇಡಂ ಕೋರ್ಟಿನಾಗ ಹತ್ತೊಂಬತ್ತು ವರ್ಷದಿಂದ
ಎಲ್ಲಾರಿಗೂ ತಾರೀಖು ಕೊಡಾಕಿ ನಾನು.
ಡೈರಿ ನೋಡದೇ ಹೇಳ್ತಿದ್ದೆ,
ಯಾವ ಸೋಮವಾರ ಖಾಲಿ,
ಯಾವ ವಕೀಲರ ಮಗಳ ಮದುವಿ ಯಾವಾಗ.

ನಂದೇ ತಾರೀಖು ಈಗ ತಪ್ಯಾವ.
ಎರಡು ತಿಂಗಳು ಗೈರು,
ಆಮ್ಯಾಲ ನೋಟೀಸಿಲ್ದೆ ಹಾಜರು,
ಹದಿನಾರು ದಿನ ಜಾಗ ಬಿಡಂಗಿಲ್ಲ.
ಬ್ಯಾಗಿನಾಗ ಒಂದು ಕರೀ ಸೀರಿ ಮಡಚಿ ಇಟ್ಟೀನಿ.
ಯಾಕ ಇಷ್ಟು ದಪ್ಪ ಅಂತ ಸ್ಟೆನೊ ಹುಡುಗಿ ಕೇಳಿದ್ರ
ಹಳೇ ಫೈಲು ಅಂತೀನಿ.

ಇವತ್ತು ಆಕಿ ರಜಾ. ಬರಿಯೋದೂ ನಂದೇ.
ಹನ್ನೆರಡೂವರಿಗೆ ಹತ್ತಿತು ಉರಿ,
ಎದಿಯಿಂದ ಕುತ್ತಿಗಿಗೆ, ಕುತ್ತಿಗಿಂದ ಕಿವಿಗೆ,
ಯಾರೋ ಒಳಗ ರೊಟ್ಟಿ ಹಂಚು ಇಟ್ಟು
ಮರೆತು ಹೋದಂಗ.
ಫ್ಯಾನು ಸಾಹೇಬರ ತಲಿ ಮ್ಯಾಲ ತಿರಗ್ತದ,
ನನ್ನ ಕಡಿ ಬರೀ ಅದರ ಸಪ್ಪಳ.
ಮೇಜಿನ ತಳಗ ಚಪ್ಪಲಿ ಬಿಟ್ಟು
ಎರಡೂ ಅಂಗಾಲು ಪರಸಿ ಮ್ಯಾಲ ಇಟ್ಟೆ.
ಕಲ್ಲು ತಂಪಿತ್ತು.

ಸಾಹೇಬರು ಹೇಳ್ಲಕತ್ತಾರ, ನಾ ಬರೀಲಕತ್ತೀನಿ,
ನಡುವ ಒಂದು ಶಬ್ದ ಬಿದ್ದು ಹೋತು.
ಹೊಲದ ನಾಕೂ ಕಡಿ ಇರ್ತದಲ್ಲ, ಅದು.
ಮೂಡಣಕ್ಕ ಯಾರದೋ ಬದು, ಪಡುವಣಕ್ಕ ಹಳ್ಳ,
ದಿನಾ ಬರಿಯೋ ಮಾತು,
ಅದರ ಹೆಸರೇ ಬರವಲ್ದು.
"ಏನಾತು ಮೇಡಂ?"
ಸಾಹೇಬರಿಗೆ ಮೂವತ್ತೆರಡು, ನಮ್ಮ ಅಕ್ಕನ ಮಗನ ವಯಸ್ಸು.
"ಏನಿಲ್ರಿ ಸರ್."

ಮಶಾಕ ಹೊರಗ ನಿಂತು ಮೂರು ಸಲ ಕೂಗಿದ:
ಊಡಗಿ ತುಳಜವ್ವಾ...
ಮುದುಕಿ ಕಟ್ಟಿ ಹತ್ತಿ ನಿಂತಳು,
ಸೆರಗಿನಾಗ ಎಲಿ ಅಡಿಕಿ ಗಂಟು.
"ವಯಸ್ಸೆಷ್ಟು?"
"ಮುಟ್ಟು ನಿಂತು ಇಪ್ಪತ್ತೆರಡು ವರ್ಷ ಆತ್ರಿ ಯಪ್ಪಾ."
ವಕೀಲರು ಖೊಳ್ಳನೆ ನಕ್ಕರು.
ಸಾಹೇಬರು ಕಾಗದದಾಗಿಂದ ತಲಿ ಎತ್ತದೇ,
"ಅಂದಾಜು ಎಪ್ಪತ್ತು ಅಂತ ಬರಕೋರಿ."

ನನ್ನ ಪೆನ್ನು ಏಳಲಿಲ್ಲ.
ಮುದುಕಿ ಹೊಳ್ಳಿ ನೋಡಿದಳು
ನನ್ನ ತುಟಿ ಮ್ಯಾಲಿನ ಬೆವರು, ಬಿಟ್ಟ ಚಪ್ಪಲಿ.
"ಹಂಗೇ ಆಗ್ತದವಾ. ನನಗ
ಹತ್ತಿ ಬಿಡಸೂ ಮುಂದ ಹತ್ತತಿತ್ತು ಈ ಬೆಂಕಿ.
ನೀ ಜರಾ ಗಾಳಿಗೆ ಹೋಗಿ ನಿಂದ್ರು,
ನಾ ಎಲ್ಲೂ ಓಡಿ ಹೋಗಂಗಿಲ್ಲ."
ಇದು ದಾಖಲಾಗೋ ಮಾತಲ್ಲ.

ಎದ್ದೆ.
"ಸರ್, ನನಗ ಐದು ಮಿನಿಟು ಬೇಕ್ರಿ."
ಯಾಕ ಅಂತ ಹೇಳಲಿಲ್ಲ.
ತಬ್ಯತ್ತು ಖರಾಬ್ ಅಂತಲೂ ಅನಲಿಲ್ಲ.

ಬರಿಗಾಲಲೇ ಬಂದೆ ಬೇವಿನ ಗಿಡದ ಬುಡಕ.
ಎಲಿ ಮ್ಯಾಲ ಸಿಮೆಂಟ್ ಕಾರ್ಖಾನಿ ಧೂಳು,
ತಳಗ ನೀರಿನ ಗಡಗಿ.
ಎರಡು ತಂಬಿಗಿ ಕುತ್ತಿಗಿಗೆ ಸುರಕೊಂಡೆ.
ಆವಾಗ ಬಂತು, ತಾನೇ:
ಚಕ್ಕುಬಂದಿ.

ಒಳಗ ಕೋರ್ಟು ಕಾಯ್ಲಕತ್ತದ.
ಇನ್ನೂ ಮೂರು ಮಿನಿಟು ಅದ.