ಜೋಡಿಗೆರೆ

ದಾವಣಗೆರೆಯ ಮಂಡಕ್ಕಿ ಭಟ್ಟಿ. ಹೊಟ್ಟಿನ ಹೊಗೆಗೆ
ಕಣ್ಣುಜ್ಜುತ್ತಲೇ ಬರೆದುಕೊಂಡೆ ಅವರ ವಂಶಾವಳಿ:
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ,
ಗಂಡ ಸೋದರತ್ತೆಯ ಮಗನೆಂದಾಗ
ನಡುವೆ ಜೋಡಿಗೆರೆ.
ಉತ್ತರ ಸಿಕ್ಕೇಬಿಟ್ಟಿತೆಂಬಂತೆ
ಪೆನ್ಸಿಲ್ಲು ತುಸು ಜೋರಾಗಿಯೇ ಒತ್ತಿತು.

ಏಳು ತುಂಬಿದ ಇಲಿಯಾಸನಿಗೆ ಮಾತಿಲ್ಲ.
ಹೆಸರು ಕೂಗಿದರೆ ತಿರುಗದವನು
ಬಿಸಿ ಮರಳು ಜರಡಿಯಿಂದಿಳಿವ ಸದ್ದಿಗೆ ತಿರುಗುತ್ತಾನೆ.
"ಗ್ರಹಣದ ದಿನ ಈಕೆ ಈಳಿಗೆ ಮುಟ್ಟಿದ್ಲು"
ಅಂದಳು ಅಜ್ಜಿ.
ಮೆಹರುನ್ನೀಸಾ ಒಲೆಗೆ ಇನ್ನಷ್ಟು ಹೊಟ್ಟು ತಳ್ಳಿದಳು.

ಮೂವರ ರಕ್ತ, ಮೂರು ಕೊಳವೆ,
ಐಸು ತುಂಬಿದ ಡಬ್ಬಿ, ತೊಡೆಯ ಮೇಲೆ, ರಾತ್ರಿ ರೈಲು.

ಹದಿನಾಲ್ಕು ತಿಂಗಳಾದ ಮೇಲೆ ಬಂದು ಹೇಳಿದೆ:
ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು,
ಜಿ ಇರಬೇಕಾದಲ್ಲಿ ಎ.
ನಿನ್ನಿಂದ ಬಂದದ್ದಲ್ಲ, ಅವನಿಂದಲೂ ಅಲ್ಲ,
ಇವನಲ್ಲೇ ಹೊಸದಾಗಿ ಮೂಡಿದ್ದು.
ನನ್ನ ಜೋಡಿಗೆರೆಯ ಮಾತು
ನಾನು ಎತ್ತಲಿಲ್ಲ.

"ಔಷಧಿ?"
ಇಲ್ಲ. ಸದ್ಯಕ್ಕಿಲ್ಲ.
ತುಸು ಹೊತ್ತು ಬಿಟ್ಟು, "ಇನ್ನೊಂದ್ಸಲ ಹೇಳ್ರಿ," ಅಂದಳು,
"ಅತ್ತೆ ಮುಂದೆ."

ಹೇಳಿದೆ. ಭಟ್ಟಿಯ ಗದ್ದಲದಲ್ಲಿ
ಮುದುಕಿಗೆ ಕೇಳಿತೋ, ಕೇಳದಂತೆ ಕೂತಳೋ.

ಹುಡುಗ ನನ್ನ ಹಾಳೆಯಂಚಿಗೆ
ಒಂದೊಂದೇ ಮಂಡಕ್ಕಿ ಇಟ್ಟು ಹೋಗುತ್ತಿದ್ದ,
ಚೌಕ ಮುಟ್ಟದೆ, ಸೊನ್ನೆ ಮುಟ್ಟದೆ.
ಬಸ್ಸಿಗೆ ಹೊತ್ತಾಗಿತ್ತು.
ಹಾಳೆ ಅಲ್ಲೇ ಬಿಟ್ಟು ಬಂದೆ.