ಚಿಲಕ

ಕೋಲಾರದ ರಂಗಮಂದಿರದ ಬಾಗಿಲಲ್ಲಿ
ಕೊರಳಿಗೊಂದು ದಾರ ಹಾಕಿ 'ಪ್ರತಿನಿಧಿ' ಅಂದರು.
ಯಾರ ಪ್ರತಿನಿಧಿಯೋ ನಾನು.
ಮುಳಬಾಗಿಲಿನ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ
ಕೀಲಿ ಕುಟ್ಟುವ ಅಮರಾವತಿ.
ಮದುವೆ ಕಾಗದ, ವೈಕುಂಠ ಸಮಾರಾಧನೆ,
ಹಾಲಿನ ಸೊಸೈಟಿಯ ವರದಿ, ನಡುನಡುವೆ ಕಾದಂಬರಿ.

ಬೇವಹಳ್ಳಿಯವರು ಬಂದರು.
ಹಿಂಬದಿ ರಕ್ಷಾಪುಟಕ್ಕೆ ನಾನೇ ಕತ್ತರಿಸಿ ಕೂರಿಸಿದ ಮುಖ;
ಅದಕ್ಕೆ ಕಾಲೂ ಇವೆ,
ಎಡಗಾಲಿನ ಚಪ್ಪಲಿಗೆ ಹೊಸ ಉಂಗುಟ.
ಇಷ್ಟು ಗಿಡ್ಡ ಅಂದುಕೊಂಡಿರಲಿಲ್ಲ,
ಅವರ ಕೈಬರಹ ಆಳೆತ್ತರ.
ಳಕಾರವೆಂದರೆ ಮಲಗಿದ ಎಮ್ಮೆ,
ಒತ್ತಕ್ಷರ ಕೆಳಗಿನ ಸಾಲಿನ ಹೆಗಲೇರಿ ಕೂತಿರುತ್ತಿತ್ತು.
ನೂರಾ ಹನ್ನೆರಡನೇ ಪುಟದಲ್ಲಿ ಸತ್ತ ಸೋದರತ್ತೆ
ನೂರಾ ನಲವತ್ತರಲ್ಲಿ ಹುರುಳಿ ಕೇರುತ್ತಿದ್ದಳು.
ಫೋನ್ ಮಾಡಿ ಹೇಳಿದೆ.
"ಓ, ಹೌದಲ್ಲಮ್ಮ" ಎಂದು ಇಟ್ಟುಬಿಟ್ಟರು.
ಎರಡನೇ ಸಲ ಅವಳನ್ನು ನಾನೇ ಸಾಯಿಸಿದೆ.

ವೇದಿಕೆಯಲ್ಲಿ ವಿಮರ್ಶಕರೊಬ್ಬರು ಎದ್ದು ಓದಿದರು:
"ಅವಳು ಬಾಗಿಲು ಹಾಕಲಿಲ್ಲ."
ಓದಿ, ಸುಮ್ಮನೆ ನಿಂತರು.
"ಇಷ್ಟೇ ನೋಡಿ. ಅವನು ಬರಲಿ ಎಂದೋ, ತಾನು ಹೊರಡಲೆಂದೋ,
ಹೇಳುವುದೇ ಇಲ್ಲ ಲೇಖಕ!"
ಸಭೆಗೆ ಸಭೆಯೇ ಚಪ್ಪಾಳೆ.
ಪಕ್ಕದ ಕಾಲೇಜು ಹುಡುಗಿ
ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಹಸ್ತಪ್ರತಿಯಲ್ಲಿ ಇದ್ದದ್ದು ಹೀಗೆ:
"ಅವಳು ಬಾಗಿಲು ಹಾಕಲಿಲ್ಲ, ಚಿಲಕ ಕೆಟ್ಟಿತ್ತು."
ಆವತ್ತು ಕರೆಂಟು ಹೋಯಿತು, ಯುಪಿಎಸ್ಸು ಕುಂಯ್ ಎಂದು ಸತ್ತಿತು,
ಸೇವ್ ಮಾಡಿರಲಿಲ್ಲ; ಮತ್ತೆ ಕುಟ್ಟುವಾಗ
ಮಗಳ ಸ್ಕೂಲಿನಿಂದ ಫೋನು.
ಎರಡು ಪದ ಬಿಟ್ಟೆ.
ಕರಡು ತಿದ್ದುವಾಗ ಅವರೂ ನೋಡಲಿಲ್ಲ.
ನೋಡಿದರೋ ಏನೋ.

ಈಗ ಕಣ್ಣು ಮುಚ್ಚಿ ತಲೆ ತಗ್ಗಿಸಿ ಕೂತಿದ್ದರು.
ನಾನೂ ತಟ್ಟಿದೆ, ಸ್ವಲ್ಪ ಜೋರಾಗಿಯೇ.

ಊಟದ ಸಾಲಿನಲ್ಲಿ ನನ್ನ ಮುಂದೆಯೇ ನಿಂತರು
ತಟ್ಟೆಯನ್ನು ಎದೆಗವುಚಿಕೊಂಡು.
ತಿರುಗಿ, "ಮುದ್ದೆ ಮುಗಿದುಹೋಯಿತೇನಮ್ಮ?" ಎಂದರು.
ಅದೇ ದನಿ, ಹೌದಲ್ಲಮ್ಮ ಎಂದ ದನಿ.
ಮಾತು ನಾಲಿಗೆ ತುದಿಗೆ ಬಂದಿತ್ತು.
"ಇನ್ನೊಂದು ಪಾತ್ರೆ ಬರ್ತಾ ಇದೆ ಸಾರ್" ಅಂದೆ.
ಅವರೆಕಾಳಿನ ಸಾರಿನ ಹಬೆ ಹತ್ತಿ
ಅವರ ಕನ್ನಡಕ ಮಂಜಾಯಿತು; ಒರೆಸಿಕೊಳ್ಳುವಷ್ಟರಲ್ಲಿ
ಯಾರೋ ಫೋಟೋಗೆ ಎಳೆದುಕೊಂಡು ಹೋದರು.
ಅವರ ತಟ್ಟೆ ಹಿಡಿದು ನಾನು ನಿಂತೆ,
ಎರಡು ಮುದ್ದೆ ಹಾಕಿಸಿಕೊಂಡೆ.

ಸಂಜೆ ನಂಗಲಿ ಬಸ್ಸಿನಲ್ಲಿ ಸೀಟು ಸಿಕ್ಕಿತು.
ಕೊರಳಲ್ಲಿ ದಾರ ಹಾಗೇ ಇತ್ತು.
ಆ ಕೆಟ್ಟ ಚಿಲಕ
ಇನ್ನೂ ನನ್ನ ಹತ್ತಿರವೇ ಇದೆ.
ಯಾರೂ ಕೇಳಿಲ್ಲ.